ಶುಗರ್ ಕೇಳ್ತೀರಿ, ಮನಸ್ಸನ್ನೂ ಒಂದ್ಸಲ ಕೇಳ್ರಿ

ನಮ್ಮ ಯಮಕನಮರಡಿ ಕಡೆ ಮನ್ಯಾಗ ಒಬ್ಬರಿಗೆ ಶುಗರ್ ಬಂತಂದ್ರ ಉಳದವ್ರೆಲ್ಲಾ ಅರ್ಧ ಡಾಕ್ಟರ್ ಆಗ್ತೀವಿ. "ಅನ್ನ ಕಡಿಮಿ ಮಾಡ್ರಿ", "ಚಾಕ ಸಕ್ರಿ ಬ್ಯಾಡ", "ಇವತ್ತ ಯಾಕ ವಾಕಿಂಗ್ ಹೋಗಿಲ್ಲ?" ಮುಂಜಾನಿಂದ ಸಂಜೀತನಾ ಇದ ಮಾತ. ಆದ್ರ "ಮನಸ್ಸಿಗೆ ಹೆಂಗ ಅನಸ್ತೈತ್ರಿ?" ಅಂತ ಕೇಳವ್ರು ಕಡಿಮಿ.

ನನ್ನ ಮಾತ ಇಷ್ಟ: ಶುಗರ್ ಇದ್ದವ್ರಿಗೆ ಖಿನ್ನತೆ ಬಂದ್ರ ಎರಡಕ್ಕೂ ಕೂಡೇ ಉಪಚಾರ ಆಗಬೇಕು. ಒಂದನ್ನ ಬಿಟ್ರ ಇನ್ನೊಂದು ಹತೋಟಿಗೆ ಬರೂದು ಕಷ್ಟ.

ನಮ್ಮ ಓಣ್ಯಾಗಿನ ಒಬ್ರು ಕಾಕು ಅದಾರ. ಎಷ್ಟೋ ವರ್ಷ ಶುಗರ್ ಚಂದಂಗ ಸಂಭಾಳಿಸಿದ್ರು. ಆಮ್ಯಾಲ ಸುಮ್ಮನಾಗಿಬಿಟ್ರು. ರೊಟ್ಟಿ ಬಡಿಯೂದು ಬ್ಯಾಡಾತು, ನಿದ್ದಿ ಹೋತು, ಗುಳಿಗಿ ಡಬ್ಬಿ ತುಂಬಿದ್ದು ತುಂಬಿದಂಗ ಇತ್ತು. ಮಂದಿ "ಆಳಸಿ ಆಗ್ಯಾಳ" ಅಂದ್ರು. ಮಗಳು ಮನೋವೈದ್ಯರ ಕಡೆ ಕರ್ಕೊಂಡ ಹೋದಮ್ಯಾಲ ಗೊತ್ತಾತು, ಅದು ಆಳಸಿತನ ಅಲ್ಲ, ಬ್ಯಾನಿ.

ಮನಸ್ಸು ಕುಗ್ಗಿದ್ರ ನಡಿಯಾಕ, ಪಥ್ಯ ಮಾಡಾಕ, ಗುಳಿಗಿ ತಗೊಳ್ಳಾಕ ಮನಸ್ಸಾಗೂದಿಲ್ಲ, ಶುಗರ್ ಏರತೈತಿ. ಶುಗರ್ ಏರಿದ್ರ ಸುಸ್ತು, ಕಾಲುರಿ, ಕಿಡ್ನಿ ಹೋದೀತು ಅನ್ನೂ ಅಂಜಿಕಿ. ಮನಸ್ಸು ಮತ್ತಷ್ಟು ಕುಗ್ಗತೈತಿ. ಸುಸ್ತು, ನಿದ್ದಿಗೇಡು ಎರಡರಾಗೂ ಇರ್ತಾವ. ಅದಕ್ಕ "ಎಲ್ಲಾ ಶುಗರಿಂದ" ಅಂತ ಖಿನ್ನತೆ ಮರಿಯಾಗೇ ಉಳಿತೈತಿ.

ಇದು ಬರೇ ನನ್ನ ಮಾತಲ್ಲ. ಬೆಂಗಳೂರು, ಚೆನ್ನೈ, ದಿಲ್ಲಿ, ವಿಶಾಖಪಟ್ಟಣದ ನಾಲ್ಕು ಶುಗರ್ ಕ್ಲಿನಿಕ್‌ನ್ಯಾಗ, ಶುಗರ್ ಮತ್ತ ಖಿನ್ನತೆ ಎರಡೂ ಇದ್ದ 404 ಮಂದಿ ಮ್ಯಾಲ ಒಂದು ಅಧ್ಯಯನ ನಡೀತು. 2020ರಾಗ ಅದರ ಫಲ ಪ್ರಕಟ ಆತು. ಅರ್ಧ ಮಂದಿಗೆ ಒಬ್ಬ ಆರೈಕಿ ಸಹಾಯಕರನ್ನ ಕೊಟ್ರು. ಅವ್ರು ಡಾಕ್ಟರ್ ಅಲ್ಲ. ಮಾತಾಡ್ಸೂದು, ಗುಳಿಗಿ ವಿಚಾರಿಸೂದು, ಡಾಕ್ಟರಿಗೆ ಸುದ್ದಿ ಮುಟ್ಸೂದು ಅವ್ರ ಕೆಲಸ. ಎರಡು ವರ್ಷದ ಮ್ಯಾಲ ನೋಡಿದ್ರ, ಖಿನ್ನತೆ ಅರ್ಧಕ್ಕಿಳಿದು, ಶುಗರ್, ಬಿಪಿ, ಕೊಲೆಸ್ಟ್ರಾಲ್‌ನ್ಯಾಗ ಒಂದಾದ್ರೂ ಸುಧಾರಿಸಿದವ್ರು ಈ ಗುಂಪಿನ್ಯಾಗ 100ಕ್ಕ 72. ಎಂದಿನಂಗ ಉಪಚಾರ ಪಡದವ್ರಾಗ 57. ಹೊಸಾ ಗುಳಿಗಿ ಏನೂ ಇರಲಿಲ್ಲ. ಬೆನ್ನ ಹತ್ತಿ ವಿಚಾರಿಸೂ ಮನಷ್ಯಾ ಇದ್ದಾ.

ನಮ್ಮ ಊರ ದವಾಖಾನಿಯೊಳಗ ಶುಗರ್ ನೋಡೂ ಸಿಸ್ಟರ್ ಎರಡು ಪ್ರಶ್ನೆ ಕೇಳಿದ್ರ ಸಾಕು: "ಹದಿನೈದು ದಿನದಿಂದ ಮನಸ್ಸು ಕುಗ್ಗೇತೇನ್ರಿ? ಯಾವುದ್ರಾಗೂ ಆಸಕ್ತಿ ಇಲ್ಲೇನ್ರಿ?" ಹೌದಂದ್ರ ಮುಂದಿನ ತಪಾಸಣಿ. ದವಾಖಾನಿ ದಾರಿ ಕಾಯೂದು ಬ್ಯಾಡ, ಮನಿ ಮಂದಿನೂ ಕೇಳಬಹುದು.

ಮನಸ್ಸಿನ ಗುಳಿಗಿ ಹತ್ತಾಕ ಕೆಲವು ವಾರ ಬೇಕು, ನಡುವ ನಿಮ್ಮಷ್ಟಕ್ಕ ನೀವು ಬಿಡಬ್ಯಾಡ್ರಿ. ಕೆಲವು ಗುಳಿಗಿ ತೂಕ ಏರಸ್ತಾವ, ಅದಕ್ಕ ಶುಗರ್ ಐತಿ ಅಂತ ಡಾಕ್ಟರಿಗೆ ಮೊದಲ ಹೇಳ್ರಿ. "ಬದುಕೂದ ಬ್ಯಾಡ" ಅನ್ನೂ ಮಾತ ಬಂದ್ರ ಅವ್ರನ್ನ ಒಬ್ರನ್ನ ಬಿಡಬ್ಯಾಡ್ರಿ, ಅವತ್ತ ದವಾಖಾನಿಗೆ ಕರ್ಕೊಂಡ ಹೋಗ್ರಿ. 2022ರಿಂದ ಸರಕಾರದ ಟೆಲಿ ಮಾನಸ್ ಐತಿ, 14416ಕ್ಕ ಹಗಲು-ರಾತ್ರಿ ಪುಕ್ಕಟ ಫೋನ್ ಮಾಡಬಹುದು, ಕನ್ನಡದಾಗ ಮಾತಾಡ್ತಾರ.

ಪಥ್ಯದ ಮಾತ ಹೇಳ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಬೈಯೂ ಮುಂದ ಅವ್ರ ಬಾಜೂಕ ಒಂದೀಟು ಕುಂದರ್ರಿ.