ಹೆಲಿಕಾಪ್ಟರ್ ಬರುವ ಮೊದಲಿನ ಹತ್ತು ನಿಮಿಷ

ಗೌರಿಬಿದನೂರು ಕಡೆಯ ಶಾಲೆಗಳು ಬೆಂಗಳೂರು ಪ್ರವಾಸ ಹೊರಟರೆ ಹಳೇ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯವನ್ನು ಬಿಡಬಾರದು. 2001ರಲ್ಲಿ ಶುರುವಾದ ಅಲ್ಲಿ ಎಚ್‌ಟಿ-2, ಮಾರುತ್ ವಿಮಾನಗಳನ್ನು ಹತ್ತಿರದಿಂದ ನೋಡಬಹುದು. ಆದರೆ ಮಕ್ಕಳ ಕಣ್ಣು ಯುದ್ಧವಿಮಾನದ ಮೇಲೇ ನಿಂತುಬಿಡುತ್ತದೆ. ಜೀವ ಉಳಿಸಿದ ವಿಮಾನಗಳ ಕಥೆಯನ್ನು ಮೇಷ್ಟ್ರುಗಳೇ ಹೇಳಬೇಕು.

ಹೇಳಲು ಬೇಕಾದಷ್ಟಿದೆ. ಎಚ್‌ಎಎಲ್ 1960ರ ದಶಕದಿಂದ ತಯಾರಿಸಿದ ಚೇತಕ್ ಹೆಲಿಕಾಪ್ಟರಿನಲ್ಲಿ ಎರಡು ಸ್ಟ್ರೆಚರ್ ಇಡಬಹುದು. ರಸ್ತೆಯಿಲ್ಲದ ಕಡೆಯಿಂದ ಗಾಯಾಳುಗಳನ್ನು ಹೊತ್ತು ತಂದದ್ದು ಅದು. ಕೊರಿಯಾ ಯುದ್ಧಕ್ಕೆ ಭಾರತ ಕಳಿಸಿದ್ದು ಗುಂಡು ಹೊಡೆಯುವವರನ್ನಲ್ಲ, ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ನೇತೃತ್ವದ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ತಂಡವನ್ನು. 1951ರ ಮಾರ್ಚ್‌ನಲ್ಲಿ ಆ ತಂಡದವರು ಪ್ಯಾರಾಶೂಟ್ ಕಟ್ಟಿಕೊಂಡು ರಣರಂಗಕ್ಕೆ ಜಿಗಿದು ಚಿಕಿತ್ಸೆ ಕೊಟ್ಟರು.

ಆಸ್ಟ್ರೇಲಿಯಾದಲ್ಲಿ ಜಾನ್ ಫ್ಲಿನ್ ಅವರ ಹಾರುವ ವೈದ್ಯರ ಸೇವೆ 1928ರ ಮೇ ತಿಂಗಳಲ್ಲಿ ಕ್ಲಾನ್‌ಕರಿಯಿಂದ ಹೊರಟಿತು. ಆ ಊರಲ್ಲಿ ಈಗ ಅದರ ವಸ್ತುಸಂಗ್ರಹಾಲಯವಿದೆ. ನಮಗೆ ಬೇಕಾದ ಪಾಠವೂ ಆ ಸೇವೆಯ ಇತಿಹಾಸದಲ್ಲಿದೆ. ವಿಮಾನ ಒಂದರಿಂದಲೇ ಕೆಲಸ ಆಗಲಿಲ್ಲ. ಮರುವರ್ಷ ಆಲ್ಫ್ರೆಡ್ ಟ್ರೇಗರ್ ಮಾಡಿಕೊಟ್ಟ, ಪೆಡಲ್ ತುಳಿದು ನಡೆಸುವ ರೇಡಿಯೋ ಬಂತು. ಮುಂದೆ ದೂರದ ಮನೆಗಳಿಗೆ ನಂಬರ್ ಹಾಕಿದ ಔಷಧಿಗಳ ಪೆಟ್ಟಿಗೆ ಬಂತು. ವೈದ್ಯರು ರೇಡಿಯೋದಲ್ಲಿ ನಂಬರ್ ಹೇಳುತ್ತಿದ್ದರು, ಮನೆಯವರು ಆ ಔಷಧಿ ಕೊಡುತ್ತಿದ್ದರು. ವಿಮಾನ ಬರುವ ತನಕ ಜೀವ ಹಿಡಿದಿಟ್ಟವರು ನೆಲದ ಮೇಲಿದ್ದವರು.

ಈಗ ಕುಡುಮಲಕುಂಟೆ ಕೈಗಾರಿಕಾ ಪ್ರದೇಶಕ್ಕೆ ಬನ್ನಿ. ಏರ್ ಆಂಬುಲೆನ್ಸ್ ಸುದ್ದಿ ಓದಿ ನಾವು ಖುಷಿಪಡುತ್ತೇವೆ. ಆದರೆ ಯಂತ್ರಕ್ಕೆ ಕೈ ಸಿಕ್ಕ ಕಾರ್ಮಿಕನಿಗೆ ಮೊದಲು ಬೇಕಾದ್ದು ರಕ್ತ ನಿಲ್ಲಿಸಲು ಗೊತ್ತಿರುವ ಪಕ್ಕದವನು. 1948ರ ಕಾರ್ಖಾನೆ ಕಾಯ್ದೆಯೇ 150 ಕಾರ್ಮಿಕರಿಗೊಂದು ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಅದಕ್ಕೊಬ್ಬ ತರಬೇತಿ ಪಡೆದ ಹೊಣೆಗಾರ, 500ಕ್ಕಿಂತ ಹೆಚ್ಚು ಜನರಿದ್ದರೆ ಆಂಬುಲೆನ್ಸ್ ಕೊಠಡಿ ಇರಬೇಕೆಂದು ಹೇಳಿತ್ತು. ಪೆಟ್ಟಿಗೆಗೆ ಬೀಗ ಹಾಕಿ ಬೀಗದಕೈ ಆಫೀಸಿನಲ್ಲಿಟ್ಟರೆ ಕಾನೂನು ಪಾಲಿಸಿದಂತೆ ಕಾಣಬಹುದು, ಜೀವ ಉಳಿಯುವುದಿಲ್ಲ.

108 ಸೇವೆ ರಾಜ್ಯಕ್ಕೆ ಬಂದದ್ದು 2008ರ ನವೆಂಬರ್ 1ರಂದು. ಅದು ಫೋನ್ ಮಾಡಿದ ಮೇಲೆ ಹೊರಡುತ್ತದೆ. ಬಂದು ಸೇರುವ ತನಕದ ಹತ್ತು ಹದಿನೈದು ನಿಮಿಷ ಯಾರದು? ಮುಂದಿನ ಗ್ರಾಮಸಭೆಯಲ್ಲಿ ಮೂರೇ ಪ್ರಶ್ನೆ ಕೇಳೋಣ: ಯಾವ ಪಾಳಿಯಲ್ಲಿ ಯಾರಿಗೆ ತರಬೇತಿಯಾಗಿದೆ? ಪೆಟ್ಟಿಗೆ ಎಲ್ಲಿದೆ? ಆಂಬುಲೆನ್ಸ್ ಡ್ರೈವರಿಗೆ ರಾತ್ರಿ ಹೊತ್ತು ಗೇಟ್ ತೋರಿಸುವವರು ಯಾರು? ಹೆಲಿಪ್ಯಾಡ್ ಆಮೇಲೆ ಕೇಳೋಣ.