ನೂರಕ್ಕೆ ಐದು ರೂಪಾಯಿಯ ಮನೆ

ಕನಿಷ್ಠ ವೇತನವನ್ನು ಏರಿಸಬೇಕೆಂಬ ಮಾತು ಎದ್ದಾಗಲೆಲ್ಲ, ಕಾರ್ಖಾನೆಗಳು ನೆರೆರಾಜ್ಯಗಳಿಗೆ ಹೊರಟುಹೋಗುವುವೆಂದು ಉದ್ಯಮಪತಿಗಳು ಎಚ್ಚರಿಸುತ್ತಾರೆ, ಕಾರ್ಮಿಕ ಸಂಘಗಳವರು ಬೆಲೆಯೇರಿಕೆಯ ಪಟ್ಟಿಯನ್ನು ಮುಂದಿಡುತ್ತಾರೆ. ಈ ಚೌಕಾಸಿಯ ಗದ್ದಲದಲ್ಲಿ, ಕೂಲಿಯನ್ನು ಗಣಿಸತಕ್ಕ ಲೆಕ್ಕದೊಳಗೆ ಕಾರ್ಮಿಕ ಕುಟುಂಬದ ಮನೆಗೆಂದು ಎಷ್ಟು ಹಣವನ್ನಿರಿಸಿದ್ದಾರೆಂಬ ಪ್ರಶ್ನೆ ಹಿಂದೆ ಸರಿದುಹೋಗುತ್ತದೆ.

ಆ ಲೆಕ್ಕದ ಮೂಲವಿರುವುದು 1957ರ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ. ಕುಟುಂಬವನ್ನು ಮೂರು ಘಟಕಗಳೆಂದೆಣಿಸಿ, ಘಟಕವೊಂದಕ್ಕೆ 2700 ಕ್ಯಾಲೊರಿಯ ಆಹಾರವನ್ನೂ ವರ್ಷಕ್ಕೆ ಮನೆಮಂದಿಗೆಲ್ಲ 72 ಗಜ ಬಟ್ಟೆಯನ್ನೂ ಗೊತ್ತುಪಡಿಸಿದ ಸಮ್ಮೇಳನವು, ಬಾಡಿಗೆಗೆ ಮಾತ್ರ ಸರ್ಕಾರದ ಕೈಗಾರಿಕಾ ವಸತಿ ಯೋಜನೆಯ ಮನೆಗಳ ಬಾಡಿಗೆಯನ್ನೇ ಮಾನದಂಡವಾಗಿ ಹಿಡಿಯಿತು. 1952ರಲ್ಲಿ ಆರಂಭವಾದ ಆ ಯೋಜನೆಗೆ ಸರ್ಕಾರದ ಧನಸಹಾಯವಿದ್ದುದರಿಂದ ಬಾಡಿಗೆ ಅಲ್ಪವಾಗಿದ್ದುದು ಸಹಜವೇ. ಬೆಂಗಳೂರಿನಲ್ಲಿಯೂ ಐಟಿಐ, ಎಚ್‌ಎಂಟಿ, ಬಿಇಎಲ್‌ಗಳಂಥ ಸಾರ್ವಜನಿಕ ಕಾರ್ಖಾನೆಗಳು ದೂರವಾಣಿನಗರ, ಜಾಲಹಳ್ಳಿಗಳಲ್ಲಿ ನೌಕರರಿಗೆ ವಸತಿಗಳನ್ನು ಕಟ್ಟಿಸಿದುವು. ಮನೆಯನ್ನು ಕಟ್ಟಿಕೊಡುವ ಹೊಣೆಯನ್ನು ಕಾಲಕ್ರಮದಲ್ಲಿ ಕೈಬಿಟ್ಟವರು, ಮನೆಯ ವೆಚ್ಚ ಅಲ್ಪವೆಂಬ ಆ ಹಳೆಯ ಎಣಿಕೆಯನ್ನು ಮಾತ್ರ ಉಳಿಸಿಕೊಂಡರು; ನನ್ನ ಆಕ್ಷೇಪವಿರುವುದು ಇಲ್ಲಿಯೇ.

2019ರ ವೇತನ ಸಂಹಿತೆಗಾಗಿ ಕೇಂದ್ರ ಸರ್ಕಾರವು 2020ರಲ್ಲಿ ಪ್ರಕಟಿಸಿದ ಕರಡು ನಿಯಮಗಳು, ಆಹಾರ ಮತ್ತು ಬಟ್ಟೆಯ ವೆಚ್ಚದ ಶೇಕಡಾ 10ರಷ್ಟನ್ನು ಬಾಡಿಗೆಯೆಂದು ಗಣಿಸಿದುವು. ಇಂಧನ, ದೀಪ ಮೊದಲಾದವುಗಳಿಗೆ ವೇತನದ ಶೇಕಡಾ 20. 1991ರ ರೆಪ್ಟಕೋಸ್ ಬ್ರೆಟ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸೇರಿಸಿದ ವಿದ್ಯಾಭ್ಯಾಸ, ವೈದ್ಯ ಮುಂತಾದವುಗಳಿಗೆ ಶೇಕಡಾ 25. ಇವನ್ನು ಕಳೆದರೆ ನೂರು ರೂಪಾಯಿಯಲ್ಲಿ 55 ಉಳಿಯಿತು. ಅದರಲ್ಲಿ ಅನ್ನಬಟ್ಟೆಗೆ 50, ಮನೆಗೆ 5. ಕೂಲಿ ತಿಂಗಳಿಗೆ 15,000 ರೂಪಾಯಿ ಎಂದಿಟ್ಟುಕೊಂಡರೆ ಬಾಡಿಗೆಗೆಂದು ಇರಿಸಿದ ಹಣ 750 ರೂಪಾಯಿ.

ಪೀಣ್ಯದ ಆಚೆಯ ಹೆಗ್ಗನಹಳ್ಳಿ, ಲಗ್ಗೆರೆಗಳಲ್ಲಾಗಲಿ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಗಳ ಸುತ್ತಣ ಗಲ್ಲಿಗಳಲ್ಲಾಗಲಿ ಈ ಹಣಕ್ಕೆ ಮನೆಯಿರಲಿ, ಮನೆಯ ಜಗಲಿಯೂ ದೊರೆಯದು. ಸಾಲಾಗಿ ಕಟ್ಟಿದ ಶೀಟಿನ ಮನೆಗಳಲ್ಲಿ ಸಂಸಾರಕ್ಕೊಂದು ಕೋಣೆ, ಅದರ ಮೂಲೆಯಲ್ಲಿಯೇ ಗ್ಯಾಸ್ ಒಲೆ, ನಾಲ್ಕಾರು ಸಂಸಾರಗಳಿಗೆ ಸೇರಿ ಒಂದೇ ಕಕ್ಕಸು. ಎಂಟೂವರೆಗೆಲ್ಲ ಹೊಲಿಗೆಯ ಯಂತ್ರದ ಮುಂದೆ ಕುಳಿತಿರಬೇಕಾದ ಹೆಂಗಸರು ಆ ಕಕ್ಕಸಿನ ಮುಂದೆ ನಸುಕಿನಲ್ಲಿಯೇ ಬಕೆಟ್ಟು ಹಿಡಿದು ಸರದಿ ನಿಲ್ಲುತ್ತಾರೆ. ಇಷ್ಟಕ್ಕೂ ಬಾಡಿಗೆ ನಾಲ್ಕೈದು ಸಾವಿರ. ಕರೆಂಟು, ನೀರಿಗೆ ಬೇರೆ. ಅಡ್ವಾನ್ಸ್ ಹೊಂದಿಸುವುದಕ್ಕೆ ಸಂಘದಲ್ಲಿ ಎತ್ತಿದ ಸಾಲದ ಕಂತು ಇನ್ನೂ ಬೇರೆ. 1999ರ ಕರ್ನಾಟಕ ಬಾಡಿಗೆ ಅಧಿನಿಯಮದ ರಕ್ಷಣೆಯಾದರೂ ಇವರಿಗುಂಟೆಂದರೆ, ಮಹಾನಗರದಲ್ಲಿ ಅದರ ಮಿತಿ 3,500 ರೂಪಾಯಿಗೇ ಮುಗಿಯುತ್ತದೆ.

ಇದೇ ನಗರದಲ್ಲಿ ಸಂಬಳದಾರನಾದ ಗೃಹಸ್ಥನಿಗೆ, ಆದಾಯ ತೆರಿಗೆಯ ಹಳೆಯ ಪದ್ಧತಿಯು ಮೂಲವೇತನದ ಶೇಕಡಾ 40ರವರೆಗೂ ಬಾಡಿಗೆಯ ರಿಯಾಯಿತಿಯನ್ನು ಬಹುಕಾಲ ಕೊಡುತ್ತ ಬಂದಿತು. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ಬಾಡಿಗೆಯ ಭಾರವನ್ನು ಅಷ್ಟು ಸ್ಪಷ್ಟವಾಗಿ ಕಾಣಬಲ್ಲ ರಾಜ್ಯಶಕ್ತಿಯು, ಅತ್ಯಲ್ಪ ಸಂಪಾದನೆಯವರ ಸರದಿ ಬಂದೊಡನೆ ಅದೇ ಭಾರವನ್ನು ಶೇಕಡಾ 5ಕ್ಕೆ ಇಳಿಸಿ ಕಾಣುವುದು ಘೋರ ಪಕ್ಷಪಾತವೆಂದು ಹೇಳುತ್ತಿದ್ದೇನೆ.

ಕೂಲಿ ಏರಿದರೆ ಮನೆಯ ಮಾಲೀಕರು ಬಾಡಿಗೆಯನ್ನೂ ಏರಿಸುವರೆಂಬ ವಾದದಲ್ಲಿ ಸತ್ಯಾಂಶವಿಲ್ಲದೆ ಇಲ್ಲ; ಆದಕಾರಣ ಬರಿಯ ಕೂಲಿಯೇರಿಕೆ ಸಾಲದು, ಸಾರ್ವಜನಿಕ ಬಾಡಿಗೆ ಮನೆಗಳೂ ಬೇಕು. ಸದ್ಯಕ್ಕೆ, ಕರ್ನಾಟಕ ಸರ್ಕಾರವು ತನ್ನ ವ್ಯಾಪ್ತಿಯ ಕನಿಷ್ಠ ವೇತನವನ್ನು ನಿಗದಿಪಡಿಸುವಾಗ ಶೇಕಡಾ 10ರ ಆ ಸೂತ್ರವನ್ನು ಬದಿಗಿರಿಸಿ, ಕಾರ್ಖಾನೆಗಳಿರುವ ಬಡಾವಣೆಗಳಲ್ಲಿ ಒಂದು ಕೋಣೆಯ ಮನೆಗೆ ಜನ ನಿಜವಾಗಿ ತೆರುತ್ತಿರುವ ಬಾಡಿಗೆಯನ್ನು ವರ್ಷಕ್ಕೊಮ್ಮೆ ವಿಚಾರಿಸಿ ಅದನ್ನೇ ಲೆಕ್ಕಕ್ಕೆ ಸೇರಿಸಲಿ. ಅಷ್ಟು ಕೂಲಿಯನ್ನು ಕೊಡಲಾರೆವೆನ್ನುವ ಮಾಲೀಕರು, ಜಾಲಹಳ್ಳಿಯಲ್ಲಿ ಅಂದು ಕಟ್ಟಿಸಿದಂತೆ, ಮನೆಗಳನ್ನೇ ಕಟ್ಟಿಸಿಕೊಡಲಿ.