ಹಡಗು ನಮ್ಮ ಪಾಲಿನದಲ್ಲವೇ?



ಇಂದು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳುವುದಿದೆ. 1999ರ ಜೂನ್ 2ರಂದು ಐ.ಎನ್.ಎಸ್. ಮೈಸೂರು ಎಂಬ ಯುದ್ಧನೌಕೆಯು ನಮ್ಮ ನೌಕಾಪಡೆಯನ್ನು ಸೇರಿತು. ಆ ತಿಂಗಳು ಬಾದಾಮಿಯಲ್ಲಿ ನನ್ನ ತರಗತಿಯ ಹುಡುಗನೊಬ್ಬ ಪತ್ರಿಕೆಯಿಂದ ಅದರ ಚಿತ್ರವನ್ನು ಕತ್ತರಿಸಿ ತಂದು, ‘ಸರ್, ನಾನೂ ಇಂಥಾ ಹಡಗಿನ್ಯಾಗ ಕೆಲಸಕ್ಕ ಸೇರ್ತೀನ್ರೀ’ ಎಂದ. ‘ಅಗಸ್ತ್ಯತೀರ್ಥದಾಗ ನೆಟ್ಟಗ ಈಜಾಕ ಬರೂದಿಲ್ಲ, ಸಮುದ್ರಕ್ಕ ಹೊಂಟಾನ!’ ಎಂದೆ ನಾನು. ತರಗತಿಯೆಲ್ಲ ನಕ್ಕಿತು. ಅವನು ಮತ್ತೆಂದೂ ಆ ಮಾತೆತ್ತಲಿಲ್ಲ.

ಅದೇ ವರ್ಷ ಮಕ್ಕಳನ್ನು ಐಹೊಳೆಗೆ ಕರೆದೊಯ್ದು ಮೇಗುತಿ ಬಸದಿಯ ಶಾಸನವನ್ನು ತೋರಿಸಿದೆ. ರವಿಕೀರ್ತಿ, ಕ್ರಿ.ಶ. 634, ಇಮ್ಮಡಿ ಪುಲಿಕೇಶಿ, ಹರ್ಷನ ಸೋಲು. ಪರೀಕ್ಷೆಗೆ ಬೇಕಾದುದನ್ನೆಲ್ಲ ಬರೆಯಿಸಿದೆ. ಪುಲಿಕೇಶಿಯು ನೂರಾರು ನಾವೆಗಳೊಡನೆ ಪಡುಗಡಲಿನ ಪುರಿಯನ್ನು ಮುತ್ತಿದನೆಂದೂ ಅದೇ ಶಾಸನ ಹೇಳುತ್ತದೆ. ಆ ಪುರಿಯು ಮುಂಬಯಿ ಬಳಿಯ ಘಾರಾಪುರಿ, ಅಂದರೆ ಎಲಿಫೆಂಟಾ ದ್ವೀಪ, ಎಂಬುದು ಹಲವು ವಿದ್ವಾಂಸರ ಮತ. ಐ.ಎನ್.ಎಸ್. ಮೈಸೂರನ್ನು ಕಟ್ಟಿದ್ದೂ ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿಯೇ. ಬಾದಾಮಿಯ ಅರಸನೇ ಹಡಗೇರಿಸಿ ದಂಡು ಕಳುಹಿಸಿದ್ದನೆಂದು ಆ ಹುಡುಗನಿಗೆ ನಾನು ಹೇಳಲಿಲ್ಲ. ಹೇಳಬೇಕೆಂದು ನನಗೆ ತೋಚಲೂ ಇಲ್ಲ.

ಆ ಹಡಗಿನ ಉದ್ದ ಸುಮಾರು 163 ಮೀಟರ್. ಅದರ ಲಾಂಛನದಲ್ಲಿರುವುದು ಮೈಸೂರಿನ ಗಂಡಭೇರುಂಡ. ಅದೇ ಹೆಸರಿನ ಹಿಂದಿನ ಕ್ರೂಸರ್ ನೌಕೆ 1957ರಿಂದ 1985ರವರೆಗೆ ಸೇವೆಯಲ್ಲಿತ್ತು. 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಮುಂದಾಳು ಹಡಗಾಗಿತ್ತು.

ಹೊಸ ಮೈಸೂರು ಡೆಸ್ಟ್ರಾಯರ್ ವರ್ಗದ್ದು. ಆ ಮಾತಿಗೆ ವಿನಾಶಕ ಎಂದರ್ಥ. ಅದು ಮಾಡಿದ ಕೆಲಸವನ್ನು ನೋಡಿರಿ. 2008ರ ಡಿಸೆಂಬರ್ 13ರಂದು ಏಡನ್ ಕೊಲ್ಲಿಯಲ್ಲಿ ಇಥಿಯೋಪಿಯಾದ ಸರಕು ಹಡಗೊಂದನ್ನು ಕಡಲ್ಗಳ್ಳರು ಬೆನ್ನಟ್ಟಿದಾಗ, ಅದರ ಕರೆಗೆ ಓಗೊಟ್ಟು ಧಾವಿಸಿದ ಮೈಸೂರು 23 ಜನರನ್ನು ಸೆರೆಹಿಡಿಯಿತು. 2011ರಲ್ಲಿ ಲಿಬಿಯಾದಲ್ಲಿ ಅಂತರ್ಯುದ್ಧ ಹೊತ್ತಿದಾಗ, ಅಲ್ಲಿ ಸಿಲುಕಿದ ಭಾರತೀಯರನ್ನು ಕರೆತರಲು ಹೋದ ನೌಕೆಗಳಲ್ಲಿ ಅದೂ ಒಂದು.

ಯುದ್ಧನೌಕೆಗೆ ಸುರಿಯುವ ಹಣದಲ್ಲಿ ಎಷ್ಟು ಶಾಲೆ ಕಟ್ಟಬಹುದಿತ್ತೆಂದು ಕೇಳುವವರಿದ್ದಾರೆ. ಶಾಲೆಯ ಸೋರುವ ಮಾಡಿನ ಕೆಳಗೆ ಪಾಠ ಹೇಳಿದ ನಾನೂ ಹಾಗೆ ಕೇಳಿದವನೇ. ಆದರೆ ನಮ್ಮ ಹೊಲದ ಟ್ರ್ಯಾಕ್ಟರಿಗೆ ಹಾಕುವ ಡೀಸೆಲ್ಲಿನ ಕಚ್ಚಾ ತೈಲ ಬಹುಪಾಲು ಬರುವುದು ಕಡಲ ಮೇಲೆಯೇ. ಆ ದಾರಿಯನ್ನು ಯಾರಾದರೂ ಕಾಯಲೇಬೇಕು. ಕಾಯುವವರು ಕರಾವಳಿಯವರೇ ಆಗಿರಬೇಕೆಂಬ ನಿಯಮವೇನೂ ಇಲ್ಲ. ನಮ್ಮ ನಾಡಿನ ಕಾರವಾರದಲ್ಲಿಯೇ 2005ರಿಂದ ಕದಂಬ ಎಂಬ ನೌಕಾನೆಲೆಯಿದೆ.

ನಿಮ್ಮಲ್ಲಿ ಹಲವರು ಇಂದು ಶಿಕ್ಷಕರು, ತಂದೆತಾಯಿಗಳು. ಮಕ್ಕಳನ್ನು ನೌಕಾಪಡೆಗೆ ಸೇರಿಸಿರೆಂದು ನಾನು ಒತ್ತಾಯಿಸುವುದಿಲ್ಲ. ಕಡಲಿಗೆ ಕಳುಹಿಸುವ ತಾಯಿಯ ಅಂಜಿಕೆ ಸುಳ್ಳಲ್ಲ. ಆದರೆ ಮಗುವೊಂದು ಹಡಗಿನ ಚಿತ್ರ ಹಿಡಿದು ನಿಮ್ಮೆದುರು ಬಂದರೆ ನಗಬೇಡಿ. ಅದನ್ನು ಮೇಗುತಿಗೆ ಕರೆದೊಯ್ದು, ನಾವೆಗಳ ಮಾತಿರುವ ಆ ಸಾಲನ್ನು ತೋರಿಸಿರಿ.

ಆ ಹುಡುಗನೂ ಇದನ್ನು ಓದುತ್ತಿರಬಹುದು. ತಪ್ಪು ನನ್ನದಪ್ಪಾ.